ಸ್ಪರ್ಧೆಗಾಗಿ ಸರ್ವರನ್ನು ಭದ್ರಪಡಿಸುವ ಕ್ರಮ

ನಮ್ಮ ನಾಡಿನ ಹೋಟೆಲುಗಳಲ್ಲಿ ಮೇಜಿನ ಬಳಿಗೆ ಬಂದು ತಿಂಡಿ ಬಡಿಸುವವನನ್ನು ಸರ್ವರ್ ಎಂದು ಕರೆಯುವ ರೂಢಿಯುಂಟು. ಕಂಪ್ಯೂಟರಿನ ವಿಷಯದಲ್ಲಿಯೂ ಆ ಮಾತಿನ ಅರ್ಥವು ಬೇರೆಯಲ್ಲ. ಬೇರೆ ಯಂತ್ರಗಳು ಕೇಳಿದ್ದನ್ನು ಒಳಗಿನಿಂದ ತಂದು ಕೊಡುವ ಯಂತ್ರವೇ ಸರ್ವರು. ಬ್ಯಾಂಕಿನಲ್ಲಿ ನಮ್ಮ ಲೆಕ್ಕವನ್ನು ತೋರಿಸುವದೂ, ಫಲಿತಾಂಶದ ದಿನ ಮಕ್ಕಳ ಅಂಕಗಳನ್ನು ತಿಳಿಸುವದೂ, ರೈಲಿನಲ್ಲಿ ಸ್ಥಳವನ್ನು ಕಾದಿರಿಸುವದೂ ಇಂಥ ಯಂತ್ರಗಳೇ. ಅದು ನಿಂತ ದಿನ ಗುಮಾಸ್ತರು "ಸರ್ವರ್ ಡೌನ್" ಎಂದು ಹೇಳಿ ನಮ್ಮನ್ನು ಮನೆಗೆ ಕಳುಹಿಸುವದರಿಂದ ಅದರ ಹೆಸರನ್ನು ಕೇಳದವರು ಯಾರೂ ಇರಲಾರರು. ಇಂಥ ಯಂತ್ರವನ್ನು ಕಳ್ಳರಿಂದ ಕಾಪಾಡುವ ಕೆಲಸವು ಹೇಗೆ ನಡೆಯುತ್ತದೆಂಬದನ್ನೂ, ಶಾಲೆಯ ಮಕ್ಕಳು ಅದನ್ನು ಒಂದು ಸ್ಪರ್ಧೆಯಾಗಿ ಹೇಗೆ ಕಲಿಯುತ್ತಾರೆಂಬದನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆನು.

ಈ ಕೆಲಸದ ತೊಡಕನ್ನು ಮೊದಲೇ ಹೇಳಿಬಿಡಬೇಕು. ಬಡಿಸುವವನು ಅಡಿಗೆಮನೆಯ ಬಾಗಿಲಿಗೆ ಅಗಳಿ ಹಾಕಿಕೊಂಡು ಒಳಗೆ ಕುಳಿತರೆ ಕಳ್ಳನು ಬರಲಾರನೆಂಬದು ನಿಜವೇ. ಆದರೆ ಹಸಿದು ಬಂದವರಿಗೂ ಊಟವಿಲ್ಲ. ಸರ್ವರನ್ನು ಭದ್ರಪಡಿಸುವದೆಂದರೆ ಅದರ ಬಾಗಿಲುಗಳನ್ನೆಲ್ಲ ಮುಚ್ಚುವದಲ್ಲ. ಯಾವದು ತೆರೆದಿರತಕ್ಕದ್ದು, ಯಾರಿಗಾಗಿ ತೆರೆದಿರತಕ್ಕದ್ದು ಎಂಬದನ್ನು ಗೊತ್ತುಮಾಡಿ ಮಿಕ್ಕವುಗಳನ್ನು ಮುಚ್ಚುವದು. ಮೊದಲನೆಯ ಅರ್ಧವನ್ನು ಮರೆತು ಎರಡನೆಯದನ್ನೇ ಹಿಡಿದವರು ಸ್ಪರ್ಧೆಯಲ್ಲಿಯೂ ಸೋಲುವರು, ಕಚೇರಿಯಲ್ಲಿಯೂ ಬೈಸಿಕೊಳ್ಳುವರು.

ಇಂಥ ಸ್ಪರ್ಧೆಗಳಲ್ಲಿ ಪ್ರಸಿದ್ಧವಾದ ಕೆಲವು ಅಮೇರಿಕ ದೇಶದಲ್ಲಿ ಹುಟ್ಟಿದವು. ೨೦೦೫ರಲ್ಲಿ ಟೆಕ್ಸಾಸ್ ಸಂಸ್ಥಾನದ ಸ್ಯಾನ್ ಆಂಟೋನಿಯೊ ನಗರದ ವಿಶ್ವವಿದ್ಯಾನಿಲಯದವರು ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದನ್ನು ಏರ್ಪಡಿಸಿದರು. ೨೦೦೯ರಲ್ಲಿ ಅಲ್ಲಿಯ ಏರ್ ಫೋರ್ಸ್ ಅಸೋಸಿಯೇಶನ್ ಎಂಬ ಸಂಘವು ಹೈಸ್ಕೂಲಿನ ಮಕ್ಕಳಿಗಾಗಿ ಸೈಬರ್‌ಪೇಟ್ರಿಯಟ್ ಎಂಬ ಸ್ಪರ್ಧೆಯನ್ನು ಆರಂಭಿಸಿತು. ಫ್ಲಾರಿಡದ ಆರ್ಲ್ಯಾಂಡೊ ಪಟ್ಟಣದಲ್ಲಿ ನಡೆದ ಆ ಮೊದಲ ಪ್ರಯೋಗಕ್ಕೆ ಬಂದವು ಎಂಟೇ ತಂಡಗಳು. ಆಮೇಲೆ ತಂಡಗಳ ಸಂಖ್ಯೆಯು ಸಾವಿರಗಳನ್ನು ಮುಟ್ಟಿತು. ಹುಡುಗಿಯರು ಮಾತ್ರ ಇರುವ ತಂಡಗಳಿಗೆ ಪ್ರವೇಶಶುಲ್ಕವನ್ನು ಬಿಟ್ಟುಕೊಡುವ ಏರ್ಪಾಡನ್ನೂ ಆ ಸಂಘದವರು ಮಾಡಿದ್ದರೆಂಬದು ನಮ್ಮ ವಾಚಕರಿಗೆ ವಿಶೇಷವಾಗಿ ಹಿಡಿಸಬಹುದು.

ಅದರಲ್ಲಿ ಯಾರೂ ಯಾರ ಮೇಲೆಯೂ ದಾಳಿಮಾಡುವದಿಲ್ಲ. ಮಕ್ಕಳ ಕೈಗೆ ಒಂದು ವರ್ಚುವಲ್ ಮಷೀನನ್ನು, ಅಂದರೆ ಅವರ ಸ್ವಂತ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ಕಲ್ಪಿತ ಯಂತ್ರವನ್ನು ಕೊಡುತ್ತಾರೆ. ಅದರಲ್ಲಿ ವಿಂಡೋಸ್ ಸರ್ವರ್ ಆಗಲಿ, ಲಿನಕ್ಸ್ ಜಾತಿಯ ಉಬುಂಟು ಆಗಲಿ ಆಪರೇಟಿಂಗ್ ಸಿಸ್ಟಮಾಗಿರುತ್ತದೆ. ಆಪರೇಟಿಂಗ್ ಸಿಸ್ಟಮೆಂದರೆ ಯಂತ್ರದ ಒಳಾಡಳಿತವನ್ನು ನಡಿಸುವ ಮೂಲ ತಂತ್ರಾಂಶವು: ಯಾರು ಒಳಗೆ ಬರಬಹುದು, ಯಾರು ಯಾವ ಕಡತವನ್ನು ಓದಬಹುದು, ಯಾವ ಕೆಲಸವು ಯಾವಾಗ ನಡೆಯತಕ್ಕದ್ದು ಎಂಬದೆಲ್ಲ ಅದರ ಅಧೀನ. ಸ್ಪರ್ಧೆಯನ್ನು ನಡಿಸುವವರು ಆ ಯಂತ್ರದಲ್ಲಿ ಬೇಕೆಂದೇ ಅನೇಕ ದೋಷಗಳನ್ನು ಅಡಗಿಸಿಟ್ಟಿರುತ್ತಾರೆ. ಗೊತ್ತುಪಡಿಸಿದ ಕೆಲವು ತಾಸುಗಳಲ್ಲಿ ತಂಡವು ಅವುಗಳನ್ನು ಹುಡುಕಿ ಸರಿಪಡಿಸಬೇಕು. ಒಂದು ದೋಷವು ಸರಿಹೋದರೆ ಯಂತ್ರವು ಒಂದು ಸದ್ದು ಮಾಡಿ ಅಂಕವನ್ನು ಕೊಡುತ್ತದೆ. ಮಾಡಬಾರದ್ದನ್ನು ಮಾಡಿದರೆ ಬೇರೊಂದು ಸದ್ದು ಮಾಡಿ ಅಂಕವನ್ನು ಕಿತ್ತುಕೊಳ್ಳುತ್ತದೆ.

ಯಂತ್ರವು ತೆರೆದೊಡನೆ ಕಣ್ಣಿಗೆ ಬೀಳುವ ಮೊದಲ ವಸ್ತುವು ರೀಡ್‌ಮಿ ಎಂಬ ಹೆಸರಿನ ಸೂಚನಾಪತ್ರ. ಹೊಸಬರು ಇದನ್ನು ಓದುವದೇ ಇಲ್ಲ. ಕೈಚಳಕವನ್ನು ತೋರಿಸುವ ಆತುರದಲ್ಲಿ ನೇರವಾಗಿ ಆಜ್ಞೆಗಳನ್ನು ಬರೆಯತೊಡಗುತ್ತಾರೆ. ಉದಾಹರಣೆಗಾಗಿ ಒಂದು ಪತ್ರವನ್ನು ಕಲ್ಪಿಸಿಕೊಳ್ಳೋಣ: ಇದು ಒಂದು ಚಿಕ್ಕ ಕಚೇರಿಯ ಸರ್ವರು, ಇದು ಕಚೇರಿಯ ವೆಬ್ ಪುಟಗಳನ್ನು ಲೋಕಕ್ಕೆ ತೋರಿಸುತ್ತಿರಬೇಕು, ದೂರದಿಂದ ಆಡಳಿತ ನಡಿಸುವದಕ್ಕೆ ಎಸ್‌ಎಸ್‌ಎಚ್ ಎಂಬ ಸೌಕರ್ಯವು ಇರಬೇಕು, ಇದನ್ನು ಬಳಸತಕ್ಕವರು ಎಂಟು ಮಂದಿ, ಅವರಲ್ಲಿ ಇಬ್ಬರು ಮಾತ್ರ ಆಡಳಿತಗಾರರು, ಹಾಡು ಚಲಚ್ಚಿತ್ರಗಳನ್ನು ಇದರಲ್ಲಿ ಇಡಕೂಡದು. ಇಷ್ಟೇ. ಆದರೆ ಮುಂದೆ ಮಾಡುವ ಒಂದೊಂದು ಕೆಲಸವನ್ನೂ ಈ ನಾಲ್ಕು ಸಾಲುಗಳಿಗೆ ಒರೆಹಚ್ಚಿ ನೋಡಬೇಕಾಗುತ್ತದೆ. ಎಸ್‌ಎಸ್‌ಎಚ್ ಅಪಾಯಕರವೆಂದು ಎಲ್ಲಿಯೋ ಓದಿ ಅದನ್ನು ಕಿತ್ತುಹಾಕಿದವಳಿಗೆ ಇಲ್ಲಿ ಅಂಕವು ಹೋಗುತ್ತದೆ. ಆ ಮಾತೇ ಇಲ್ಲದ ಇನ್ನೊಂದು ಯಂತ್ರದಲ್ಲಿ ಅದನ್ನೇ ಕಿತ್ತವಳಿಗೆ ಅಂಕವು ಬರುತ್ತದೆ. ಕಾರ್ಯವು ಒಂದೇ, ಫಲವು ಬೇರೆ.

ಆಮೇಲೆ ಬಳಕೆದಾರರ ಪಟ್ಟಿಯನ್ನು ಪರೀಕ್ಷಿಸಬೇಕು. ಉಬುಂಟುವಿನಲ್ಲಿ ಇದು ಪಾಸ್‌ಡಬ್ಲ್ಯೂಡಿ ಎಂಬ ಕಡತದಲ್ಲಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲಿನ ಭಾಗಗಳ ನಡುವೆ ಎರಡು ಚುಕ್ಕೆಗಳ ಚಿಹ್ನೆ. ಮೂರನೆಯ ಭಾಗದಲ್ಲಿ ಇರುವ ಸಂಖ್ಯೆಯ ಮೇಲೆ ಕಣ್ಣಿಡತಕ್ಕದ್ದು. ಮನುಷ್ಯರಾದ ಸಾಮಾನ್ಯ ಬಳಕೆದಾರರಿಗೆ ೧೦೦೦ದಿಂದ ಮೇಲಿನ ಸಂಖ್ಯೆಗಳನ್ನು ಕೊಡುವದು ವಾಡಿಕೆ. ರೂಟ್ ಎಂಬ ಸರ್ವಾಧಿಕಾರಿಗೆ ಮಾತ್ರ ಸೊನ್ನೆ. ಆಪರೇಟಿಂಗ್ ಸಿಸ್ಟಮು ಹೆಸರನ್ನು ನೋಡಿ ಅಧಿಕಾರವನ್ನು ಕೊಡುವದಿಲ್ಲ, ಈ ಸಂಖ್ಯೆಯನ್ನು ನೋಡಿ ಕೊಡುತ್ತದೆ. ಆದದರಿಂದ ಪಟ್ಟಿಯ ನಡುವೆ ಯಾವನೋ ಸಾಧುವಾದ ಹೆಸರಿನವನ ಸಾಲಿನಲ್ಲಿ ಸೊನ್ನೆ ಇದ್ದರೆ ಅವನೂ ಸರ್ವಾಧಿಕಾರಿಯೇ ಸರಿ. ಇದನ್ನು ಕಂಡುಹಿಡಿಯುವದಕ್ಕೆ ಯಾವ ವಿಶೇಷ ಸಲಕರಣೆಯೂ ಬೇಡ. ಪಟ್ಟಿಯನ್ನು ತಾಳ್ಮೆಯಿಂದ ಮೇಲಿನಿಂದ ಕೆಳಗಿನ ವರೆಗೆ ಓದಿದರೆ ಸಾಕು. ತರುವಾಯ ಸುಡೊ ಎಂಬ ಗುಂಪನ್ನು ನೋಡಬೇಕು. ಆ ಗುಂಪಿಗೆ ಸೇರಿದವರು ಬೇಕಾದಾಗ ರೂಟಿನ ಅಧಿಕಾರವನ್ನು ಕಡವಾಗಿ ಪಡೆಯಬಲ್ಲರು. ಪತ್ರದಲ್ಲಿ ಇಬ್ಬರೆಂದು ಹೇಳಿ ಗುಂಪಿನಲ್ಲಿ ನಾಲ್ವರಿದ್ದರೆ ಹೆಚ್ಚಿನ ಇಬ್ಬರನ್ನು ಗುಂಪಿನಿಂದ ತೆಗೆಯಬೇಕು. ಆದರೆ ಅವರು ಎಂಟು ಮಂದಿಯಲ್ಲಿ ಸೇರಿದವರಾದರೆ ಯಂತ್ರದಿಂದಲೇ ತೆಗೆಯಕೂಡದು. ಈ ವ್ಯತ್ಯಾಸದಲ್ಲಿ ಎಡವುವ ತಂಡಗಳು ಬಹಳ. ವಿಂಡೋಸ್ ಸರ್ವರಿನಲ್ಲಿಯೂ ವಿಚಾರವು ಇದೇ. ಅಲ್ಲಿ ಆಡ್ಮಿನಿಸ್ಟ್ರೇಟರ್ಸ್ ಎಂಬ ಗುಂಪನ್ನೂ, ಗೆಸ್ಟ್ ಎಂಬ ಅತಿಥಿಯ ಖಾತೆಯನ್ನೂ ನೋಡಿಕೊಂಡರಾಯಿತು.

ಪಟ್ಟಿಯನ್ನು ಓದುವದು ಬೇಸರದ ಕೆಲಸವೆಂದು ತೋರುವವರಿಗೆ ಕ್ಲಿಫರ್ಡ್ ಸ್ಟೋಲ್ ಎಂಬವರ ಕಥೆಯನ್ನು ಹೇಳುವದುಂಟು. ಇವರು ಖಗೋಳಶಾಸ್ತ್ರಜ್ಞರು. ೧೯೮೬ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಬಂದಾಗ ಅವರಿಗೆ ಕೊಟ್ಟ ಮೊದಲಿನ ಕೆಲಸವು ಜಮಾಖರ್ಚಿನ ಒಂದು ಕೊರತೆಯನ್ನು ಹುಡುಕುವದಾಗಿತ್ತು. ಕಂಪ್ಯೂಟರನ್ನು ಬಳಸಿದ ಕಾಲಕ್ಕೆ ಆ ಶಾಲೆಯಲ್ಲಿ ಹಣವನ್ನು ಲೆಕ್ಕಹಾಕುತ್ತಿದ್ದರು. ತಿಂಗಳ ಲೆಕ್ಕದಲ್ಲಿ ೭೫ ಸೆಂಟ್ ಕೂಡಿಬರಲಿಲ್ಲ. ಒಂದು ಡಾಲರಿಗೂ ಕಡಿಮೆಯಾದ ಈ ಮೊತ್ತವನ್ನು ಮತ್ತೊಬ್ಬರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಸ್ಟೋಲರು ಹುಡುಕಿದರು. ಹಂಟರ್ ಎಂಬ ಹೆಸರಿನ ಒಂದು ಖಾತೆಯು ಯಾರ ಲೆಕ್ಕಕ್ಕೂ ಸೇರದೆ ಯಂತ್ರದಲ್ಲಿ ಇದ್ದದ್ದು ಕಂಡುಬಂತು. ಸ್ವಲ್ಪ ಕಾಲದಲ್ಲಿಯೇ, ಇಂಗ್ಲೆಂಡಿಗೆ ಹೋಗಿದ್ದ ಒಬ್ಬ ಹಳೆಯ ಬಳಕೆದಾರನ ಖಾತೆಯಿಂದ ಯಾರೋ ಬೇರೆ ಯಂತ್ರಗಳಿಗೆ ನುಗ್ಗಲು ಯತ್ನಿಸುತ್ತಿದ್ದಾರೆಂಬ ದೂರೂ ಬಂತು. ಊರಿನಲ್ಲಿಲ್ಲದವನ ಹೆಸರಿನಲ್ಲಿ ಯಾರೋ ಮನೆಯಲ್ಲಿ ಓಡಾಡುತ್ತಿದ್ದರು.

ಆ ಅಪರಿಚಿತನು ಸರ್ವಾಧಿಕಾರವನ್ನು ಪಡೆದ ರೀತಿಯು ಗಮನಿಸತಕ್ಕದ್ದು. ಅಂಚೆಯ ಕಡತಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಒಂದು ಚಿಕ್ಕ ತಂತ್ರಾಂಶವನ್ನು ಆ ಯಂತ್ರದಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಅಧಿಕಾರ ಕೊಟ್ಟು ಇಟ್ಟಿದ್ದರು. ಅದು ಯಾರು ಏನನ್ನು ಎಲ್ಲಿಗೆ ಸಾಗಿಸುತ್ತಾರೆಂದು ವಿಚಾರಿಸುತ್ತಿರಲಿಲ್ಲ. ಯಂತ್ರವು ಐದೈದು ನಿಮಿಷಕ್ಕೊಮ್ಮೆ ತಾನಾಗಿಯೇ ನಡಿಸುವ ಒಂದು ಕಾರ್ಯಕ್ರಮವಿತ್ತು. ಅವನು ಅದರ ಸ್ಥಳದಲ್ಲಿ ತನ್ನದೊಂದನ್ನು ತಂದಿಟ್ಟನು. ಯಂತ್ರವು ಅದನ್ನು ತನ್ನದೆಂದೇ ನಂಬಿ ನಡಿಸಿತು. ಕಾಗೆಯ ಗೂಡಿನಲ್ಲಿ ಕೋಗಿಲೆಯು ಮೊಟ್ಟೆಯಿಡುವದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಸ್ಟೋಲರು ೧೯೮೯ರಲ್ಲಿ ಈ ವೃತ್ತಾಂತವನ್ನು ಬರೆದು ಪ್ರಕಟಿಸಿದ ಗ್ರಂಥಕ್ಕೂ ಕೋಗಿಲೆಯ ಮೊಟ್ಟೆ ಎಂಬ ಅರ್ಥದ ಹೆಸರನ್ನೇ ಇಟ್ಟರು. ಸ್ಪರ್ಧೆಯ ಯಂತ್ರಗಳಲ್ಲಿಯೂ ಇಂಥ ಮೊಟ್ಟೆಗಳನ್ನು ಇಟ್ಟಿರುತ್ತಾರೆ. ಲಿನಕ್ಸಿನಲ್ಲಿ ನಿಯತಕಾಲಕ್ಕೆ ಕೆಲಸಗಳನ್ನು ನಡಿಸುವ ಕ್ರಾನ್ ಎಂಬ ಏರ್ಪಾಡಿನ ಪಟ್ಟಿಗಳಲ್ಲಿ ಹುಡುಕಿದರೆ ಅವು ಅನೇಕ ಸಲ ಸಿಕ್ಕುತ್ತವೆ.

ಜನರನ್ನು ನೋಡಿದ ಮೇಲೆ ಬಾಗಿಲುಗಳನ್ನು ನೋಡಬೇಕು. ಪೋರ್ಟ್ ಎಂಬ ಹೆಸರಿನ ಈ ಬಾಗಿಲುಗಳಿಗೆ ೧ರಿಂದ ೬೫,೫೩೫ರ ವರೆಗೆ ಸಂಖ್ಯೆಗಳುಂಟು. ವೆಬ್ ಪುಟಗಳಿಗೆ ೮೦ ಮತ್ತು ೪೪೩, ಎಸ್‌ಎಸ್‌ಎಚ್‌ಗೆ ೨೨, ಹಳೆಯ ಕಾಲದ ಟೆಲ್‌ನೆಟ್‌ಗೆ ೨೩. ಈ ಟೆಲ್‌ನೆಟ್ ಎಂಬದು ಪಾಸ್‌ವರ್ಡನ್ನು ಅಂಚೆಕಾರ್ಡಿನ ಮೇಲೆ ಬರೆದಂತೆ ದಾರಿಯುದ್ದಕ್ಕೂ ಓದಲು ಬರುವ ಹಾಗೆ ಕಳುಹಿಸುವದರಿಂದ ಅದನ್ನು ಕಂಡಲ್ಲಿ ತೆಗೆದುಹಾಕುವದೇ ಲೇಸು. ಯಾವ ಬಾಗಿಲ ಹಿಂದೆ ಯಾವ ತಂತ್ರಾಂಶವು ಕಿವಿಗೊಟ್ಟು ಕುಳಿತಿದೆಯೆಂಬದನ್ನು ಎಸ್‌ಎಸ್ ಎಂಬ ಆಜ್ಞೆಯಿಂದ ತಿಳಿಯಬಹುದು. ಪತ್ರದಲ್ಲಿ ಹೇಳದ ಬಾಗಿಲು ತೆರೆದಿದ್ದರೆ, ಅದರ ಹಿಂದಿರುವವನನ್ನು ವಿಚಾರಿಸಿ, ಬೇಡವಾದರೆ ಆ ತಂತ್ರಾಂಶವನ್ನೇ ಅಳಿಸಬೇಕು. ಇದಾದ ಮೇಲೆ ಫೈರ್‌ವಾಲ್ ಎಂಬ ಕಾವಲನ್ನು ಎಬ್ಬಿಸಬೇಕು. ಉಬುಂಟುವಿನಲ್ಲಿ ಅದು ಇರುತ್ತದೆಯೇ ಹೊರತು ನಾವು ಹೇಳುವ ವರೆಗೆ ಎಚ್ಚರಗೊಳ್ಳುವದಿಲ್ಲ. ಇಲ್ಲಿ ಒಂದು ಮಾತು. ಈ ಲೇಖಕಿಯು ಅಭ್ಯಾಸದ ಮೊದಲ ವಾರದಲ್ಲಿ ದೂರದಲ್ಲಿದ್ದ ಯಂತ್ರವೊಂದಕ್ಕೆ ೨೨ನೆಯ ಬಾಗಿಲಿನ ಮೂಲಕ ಹೋಗಿ, ಆ ಬಾಗಿಲಿಗೆ ಅಪ್ಪಣೆ ಕೊಡುವದಕ್ಕೆ ಮೊದಲೇ ಕಾವಲನ್ನು ಎಬ್ಬಿಸಿ, ಮರುಕ್ಷಣವೇ ಬೀದಿಯಲ್ಲಿ ನಿಂತಳು. ಮತ್ತೆ ಒಳಗೆ ಹೋಗುವದಕ್ಕೆ ಆ ಯಂತ್ರವನ್ನಿಟ್ಟವರ ಕೈಕಾಲು ಹಿಡಿಯಬೇಕಾಯಿತು.

ಬೇಡದ ಬಾಗಿಲಿನಿಂದ ಏನಾದೀತೆಂಬದಕ್ಕೆ ೧೯೮೮ನೆಯ ಇಸವಿಯ ನವೆಂಬರ್ ೨ರ ಸಂಗತಿಯು ಸಾಕ್ಷಿ. ಆ ಸಂಜೆ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಟ್ಯಾಪನ್ ಮಾರಿಸ್ ಎಂಬ ವಿದ್ಯಾರ್ಥಿಯು ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ಒಂದು ತಂತ್ರಾಂಶವನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟನು. ಅದು ಹೊಕ್ಕ ದಾರಿಗಳಲ್ಲಿ ಒಂದು ಫಿಂಗರ್ ಎಂಬ ಸೌಕರ್ಯ. ಯಂತ್ರದಲ್ಲಿ ಈಗ ಯಾರು ಕೆಲಸಮಾಡುತ್ತಿದ್ದಾರೆಂದು ಕೇಳಿದವರಿಗೆ ಹೇಳುವದಷ್ಟೇ ಅದರ ಕಾರ್ಯ. ನೆರೆಹೊರೆಯವರ ಸುದ್ದಿಯನ್ನು ಹೇಳುವ ಇಂಥ ಸಣ್ಣ ಉಪಚಾರಕ್ಕಾಗಿ ತೆರೆದಿಟ್ಟ ಬಾಗಿಲಿನಲ್ಲಿ, ಅದು ಹಿಡಿಸಲಾರದಷ್ಟು ಉದ್ದವಾದ ಸಂದೇಶವನ್ನು ತುರುಕಿ ಒಳಗೆ ನುಗ್ಗಲಾಯಿತು. ಅಂಚೆಯನ್ನು ಸಾಗಿಸುವ ಸೆಂಡ್‌ಮೇಲ್ ತಂತ್ರಾಂಶದಲ್ಲಿ ಪರೀಕ್ಷೆಗಾಗಿ ಇಟ್ಟು ಮುಚ್ಚಲು ಮರೆತ ಮಾರ್ಗವು ಇನ್ನೊಂದು. ಆಗಿನ ಇಂಟರ್ನೆಟ್ಟಿನಲ್ಲಿದ್ದ ಸುಮಾರು ೬೦,೦೦೦ ಯಂತ್ರಗಳಲ್ಲಿ ೬,೦೦೦ದಷ್ಟು ಸೋಂಕಿಗೆ ಸಿಕ್ಕಿದುವೆಂದು ಅಂದಾಜು ಮಾಡಿದರು.

ಮೂರನೆಯ ದಾರಿಯು ಪಾಸ್‌ವರ್ಡು. ಆ ತಂತ್ರಾಂಶವು ಬಳಕೆದಾರನ ಹೆಸರನ್ನೂ, ಆ ಹೆಸರನ್ನು ತಿರುಗಾಮುರುಗಾ ಮಾಡಿಯೂ, ಬಳಿಕ ತನ್ನೊಡನೆ ತಂದಿದ್ದ ೪೩೨ ಮಾತುಗಳ ಪಟ್ಟಿಯನ್ನೂ ಒಂದೊಂದಾಗಿ ಪ್ರಯತ್ನಿಸಿತು. ವಿಚಿತ್ರವೇನೆಂದರೆ, ಆ ಯುವಕನ ತಂದೆಯಾದ ಹಿರಿಯ ರಾಬರ್ಟ್ ಮಾರಿಸರು ಕೆನ್ ಥಾಮ್ಸನ್ ಎಂಬವರೊಡನೆ ಸೇರಿ ೧೯೭೯ರಲ್ಲಿಯೇ ಪಾಸ್‌ವರ್ಡುಗಳ ವಿಷಯವಾಗಿ ಒಂದು ಪ್ರಬಂಧವನ್ನು ಬರೆದಿದ್ದರು. ಅವರು ಕೂಡಿಸಿದ ೩,೨೮೯ ಪಾಸ್‌ವರ್ಡುಗಳಲ್ಲಿ ೧೫ ಒಂದೇ ಅಕ್ಷರದವು, ೭೨ ಎರಡೇ ಅಕ್ಷರದವು, ೪೬೪ ಮೂರಕ್ಷರದವು. ಹೀಗೆ ಚಿಕ್ಕವೂ ನಿಘಂಟಿನಲ್ಲಿ ಸಿಕ್ಕುವವೂ ಸೇರಿ ನೂರಕ್ಕೆ ೮೬ ಸುಲಭವಾಗಿ ಬಿಡಿಸತಕ್ಕವುಗಳಾಗಿದ್ದವು. ಒಂಬತ್ತು ವರ್ಷಗಳಾದರೂ ಜನರು ಬದಲಾಗಿರಲಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿ ಸ್ಪರ್ಧೆಗೂ ಶಾಸ್ತ್ರಕ್ಕೂ ಒಂದು ಭಿನ್ನಾಭಿಪ್ರಾಯವಿದೆ. ಅಭ್ಯಾಸಕ್ಕಾಗಿ ಕೈಯಿಂದ ಕೈಗೆ ಹೋಗುವ ಪಟ್ಟಿಗಳಲ್ಲಿ, ಪಾಸ್‌ವರ್ಡನ್ನು ಇಂತಿಷ್ಟು ದಿನಕ್ಕೊಮ್ಮೆ ಬದಲಾಯಿಸುವಂತೆ ಯಂತ್ರವನ್ನು ಗೊತ್ತುಪಡಿಸಬೇಕೆಂದು ಬರೆದಿರುತ್ತದೆ. ಆದರೆ ಅಮೇರಿಕದ ಪ್ರಮಾಣಸಂಸ್ಥೆಯಾದ ನಿಸ್ಟ್ ೨೦೧೭ರಲ್ಲಿ, ಸೋರಿಹೋದ ಸುಳಿವಿಲ್ಲದೆ ಸುಮ್ಮನೆ ಕಾಲಕಾಲಕ್ಕೆ ಬದಲಾವಣೆಯನ್ನು ಬಲವಂತಪಡಿಸಬೇಡಿರೆಂದು ಸೂಚಿಸಿತು. ಬಲವಂತಕ್ಕೆ ಸಿಕ್ಕಿದವರು ಹಳೆಯದರ ಕೊನೆಗೆ ಒಂದು ಅಂಕಿಯನ್ನು ಸೇರಿಸಿ ಬಿಡುತ್ತಾರಷ್ಟೆ. ಅದೇ ಸಂಸ್ಥೆಯ ೨೦೦೩ರ ಸೂಚನೆಗಳನ್ನು ಬರೆದ ಬಿಲ್ ಬರ್ ಎಂಬವರು, ತಾವು ಬರೆದದ್ದರಲ್ಲಿ ಬಹುಭಾಗಕ್ಕಾಗಿ ಈಗ ಪಶ್ಚಾತ್ತಾಪಪಡುವದಾಗಿ ೨೦೧೭ರಲ್ಲಿ ಪತ್ರಿಕೆಯವರಿಗೆ ಹೇಳಿದರು. ಹೀಗಿರುವಾಗ ಸ್ಪರ್ಧೆಯಲ್ಲಿ ಕುಳಿತ ಹುಡುಗಿಯು ಏನು ಮಾಡಬೇಕು? ಅಂಕಕ್ಕಾಗಿ ಪಟ್ಟಿಯಂತೆ ಮಾಡಲಿ. ಆದರೆ ಏಕೆ ಮಾಡಿದೆನೆಂದು ಕೇಳಿದರೆ ಪಟ್ಟಿಯಲ್ಲಿದೆ ಎಂಬದನ್ನು ಬಿಟ್ಟು ಬೇರೆ ಉತ್ತರವೂ ಅವಳಲ್ಲಿರಲಿ. ಉದ್ದವಾದದ್ದೂ, ಬೇರೆಲ್ಲಿಯೂ ಬಳಸದ್ದೂ, ಊಹೆಗೆ ನಿಲುಕದ್ದೂ ಆದ ಪಾಸ್‌ವರ್ಡು ಒಳ್ಳೆಯದೆಂಬದರಲ್ಲಿ ಇಬ್ಬರಿಗೂ ಭೇದವಿಲ್ಲ.

ತಂತ್ರಾಂಶದ ತಿದ್ದುಪಡಿಗಳ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ತಯಾರಕರು ತಪ್ಪನ್ನು ಕಂಡು ತಿದ್ದುಪಡಿಯನ್ನು ಕಳುಹಿಸುವರು. ಅದನ್ನು ಹಾಕಿಕೊಳ್ಳುವದು ನಮ್ಮ ಕೆಲಸ. ಮೈಕ್ರೋಸಾಫ್ಟ್ ಕಂಪೆನಿಯು ೨೦೧೭ನೆಯ ಮಾರ್ಚ್ ೧೪ರಂದು ಕೊಟ್ಟ ಒಂದು ತಿದ್ದುಪಡಿಯನ್ನು ಹಾಕಿಕೊಳ್ಳದವರ ಯಂತ್ರಗಳಿಗೆ ಮೇ ೧೨ರಂದು ವಾನಕ್ರೈ ಎಂಬ ಪಿಡುಗು ನುಗ್ಗಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಗೊತ್ತುಮಾಡಿದ್ದ ಸುಮಾರು ೧೯,೦೦೦ ಭೇಟಿಗಳು ರದ್ದಾದುವೆಂದು ಅಲ್ಲಿಯ ಲೆಕ್ಕಪರಿಶೋಧಕರು ಅಂದಾಜು ಮಾಡಿದರು. ಎರಡು ತಿಂಗಳ ಅವಕಾಶವಿತ್ತು. ಸ್ಪರ್ಧೆಯಲ್ಲಿ ತಿದ್ದುಪಡಿಗಳು ಇಳಿಯುವದಕ್ಕೆ ಬಹಳ ಹೊತ್ತು ಹಿಡಿಯುವದರಿಂದ ಅವುಗಳನ್ನು ಬೇಗನೆ ಆರಂಭಿಸಿ, ಅವು ನಡೆಯುತ್ತಿರುವಾಗ ಪಟ್ಟಿಗಳನ್ನು ಓದುವದು ಜಾಣತನ.

ಆದರೆ ಅದಕ್ಕಿಂತಲೂ ಮೊದಲು ಮಾಡತಕ್ಕ ಒಂದು ಕೆಲಸವಿದೆ. ಸೂಚನಾಪತ್ರದ ಜೊತೆಯಲ್ಲಿ ಶೋಧನೆಯ ಪ್ರಶ್ನೆಗಳೆಂದು ಎರಡು ಮೂರು ಇರುತ್ತವೆ: ಹಾಡುಗಳ ಕಡತಗಳನ್ನು ಯಾರ ಕೋಶದಲ್ಲಿ ಅಡಗಿಸಿಟ್ಟಿದ್ದಾರೆ, ಗುಪ್ತ ತಂತ್ರಾಂಶವು ಯಾವ ಪೋರ್ಟಿನಲ್ಲಿ ಕುಳಿತಿದೆ ಎಂಬಂತೆ. ಇವಕ್ಕೆ ಉತ್ತರ ಬರೆಯದೆ ಶುದ್ಧೀಕರಣಕ್ಕೆ ತೊಡಗಿದರೆ ಸಾಕ್ಷ್ಯವೂ ಕಸದೊಡನೆ ಹೊರಟುಹೋಗುತ್ತದೆ. ಗುಡಿಸಿ ಸಾರಿಸುವ ಅಭ್ಯಾಸವುಳ್ಳ ಒಳ್ಳೆಯ ಹುಡುಗಿಯರೇ ಇಲ್ಲಿ ಹೆಚ್ಚಾಗಿ ಮೋಸಹೋಗುತ್ತಾರೆ. ಸ್ಟೋಲರು ಹಂಟರನ ಖಾತೆಯನ್ನು ಅಳಿಸಿ ಬಾಗಿಲು ಮುಚ್ಚಿಬಿಡಬಹುದಾಗಿತ್ತು. ಹಾಗೆ ಮಾಡಿದ್ದರೆ ಕಥೆಯು ಅಲ್ಲಿಗೇ ಮುಗಿಯುತ್ತಿತ್ತು. ಅವರು ಕಚೇರಿಯವರಿಂದ ಪ್ರಿಂಟರುಗಳನ್ನು ಎರವಲು ತಂದು ಒಳಬರುವ ತಂತಿಗಳಿಗೆ ಜೋಡಿಸಿ, ಆ ಅಪರಿಚಿತನು ಒತ್ತಿದ ಒಂದೊಂದು ಅಕ್ಷರವನ್ನೂ ಕಾಗದದ ಮೇಲೆ ಇಳಿಸಿಕೊಂಡರು. ಆ ದಾಖಲೆಯ ಜಾಡನ್ನೇ ಹಿಡಿದು ಹೋಗಿ ಕೊನೆಗೆ ಜರ್ಮನಿಯ ಹಾನೋವರ್ ನಗರದ ಮಾರ್ಕುಸ್ ಹೆಸ್ ಎಂಬವನನ್ನು ಕಂಡುಹಿಡಿಯಲಾಯಿತು. ಅವನೂ ಅವನ ಜೊತೆಗಾರರೂ ಕದ್ದದ್ದನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದರು. ೧೯೯೦ರಲ್ಲಿ ನ್ಯಾಯಾಲಯದಲ್ಲಿ ಅವನ ಅಪರಾಧವು ಸ್ಥಾಪಿತವಾಯಿತು.

ಮನೆಯಲ್ಲಿ ಅಭ್ಯಾಸಮಾಡಬೇಕೆನ್ನುವವರಿಗೆ ಖರ್ಚಿಲ್ಲ. ಉಬುಂಟು ಧರ್ಮಾರ್ಥವಾಗಿ ಸಿಕ್ಕುತ್ತದೆ. ವರ್ಚುವಲ್ ಯಂತ್ರವನ್ನು ಓಡಿಸುವ ವರ್ಚುವಲ್‌ಬಾಕ್ಸ್ ಎಂಬದಕ್ಕೂ ಮನೆಯ ಅಭ್ಯಾಸದಲ್ಲಿ ಬೆಲೆ ಕೊಡಬೇಕಾಗಿಲ್ಲ. ಅಕ್ಕನು ದೋಷಗಳನ್ನು ಇಟ್ಟು ತಂಗಿಯು ಹುಡುಕಬಹುದು, ಮರುದಿನ ತಂಗಿಯು ಇಟ್ಟು ಅಕ್ಕನು ಹುಡುಕಬಹುದು. ಹೀಗೆ ಮಾಡುವಾಗ ದೋಷವನ್ನು ಇಡುವವಳೇ ಹೆಚ್ಚು ಕಲಿಯುತ್ತಾಳೆಂದು ನನ್ನ ಅನುಭವ. ಆದರೆ ಕೈಚಳಕವನ್ನು ಪರರ ಯಂತ್ರದ ಮೇಲೆ ಪರೀಕ್ಷಿಸುವದು ಆಟವಲ್ಲವೆಂದು ತಾಯಿತಂದೆಗಳು ತಿಳಿಸಿಡಬೇಕು. ನಮ್ಮ ದೇಶದ ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ನೆಯ ಕಲಮಿನಂತೆ, ಕೆಟ್ಟ ಉದ್ದೇಶದಿಂದ ಒಡೆಯನ ಅಪ್ಪಣೆಯಿಲ್ಲದೆ ಕಂಪ್ಯೂಟರನ್ನು ಹೊಕ್ಕವರಿಗೆ ಮೂರು ವರ್ಷಗಳ ವರೆಗೆ ಸೆರೆವಾಸವೂ ಐದು ಲಕ್ಷ ರೂಪಾಯಿಗಳ ವರೆಗೆ ಜುಲ್ಮಾನೆಯೂ ಆಗಬಹುದು.

ಸ್ಪರ್ಧೆಯ ಕೊನೆಯ ಕಾಲುತಾಸಿನಲ್ಲಿ ಹೊಸ ಕೆಲಸವನ್ನು ಹಿಡಿಯಕೂಡದು. ಆಗ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಮಾಡಿದ ಏರ್ಪಾಡುಗಳಲ್ಲಿ ಕೆಲವು ಮರು ಆರಂಭದಲ್ಲಿ ಉಳಿಯುವದಿಲ್ಲ; ಕೊಂದ ತಂತ್ರಾಂಶವು ಕ್ರಾನಿನ ಮೂಲೆಯಿಂದ ಎದ್ದು ಬಂದಿರಬಹುದು. ಆಮೇಲೆ ತಂಡದಲ್ಲಿ ಒಬ್ಬಳು ಸಾಮಾನ್ಯ ಬಳಕೆದಾರಳಂತೆ ಒಳಗೆ ಬಂದು ನೋಡಲಿ, ಇನ್ನೊಬ್ಬಳು ಬೇರೆ ಯಂತ್ರದಿಂದ ಆ ಕಚೇರಿಯ ವೆಬ್ ಪುಟವನ್ನು ತೆರೆಯಲಿ. ಪುಟವು ತೆರೆಯದಿದ್ದರೆ, ಇನ್ನೂ ಹೊತ್ತಿರುವಾಗಲೇ, ರೀಡ್‌ಮಿ ಪತ್ರವನ್ನು ಮತ್ತೆ ಮೊದಲಿನಿಂದ ಓದತಕ್ಕದ್ದು.